ಗಂಡು ಹುಡುಗ ನರ್ಸಿಂಗ್ ಓದಿದರೆ ಮರ್ಯಾದೆ ಇದೆಯಾ?

ಸರ್, ನಮಸ್ಕಾರ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಮಗ ಪಿಯುಸಿ ಸೈನ್ಸ್ ಮುಗಿಸಿದ್ದಾನೆ. ಬಿಎಸ್ಸಿ ನರ್ಸಿಂಗೇ ಬೇಕು ಅಂತ ಹಟ ಹಿಡಿದಿದ್ದಾನೆ. ನಿಮ್ಮ ಅಣ್ಣ ಮಾತ್ರ "ಅದು ಹೆಂಗಸರ ಕೆಲಸ, ನಾಳೆ ಇವನಿಗೆ ಹೆಣ್ಣು ಯಾರು ಕೊಡ್ತಾರೆ" ಅಂದಿದ್ದಾರೆ. ನರ್ಸ್ ಆಗಿ ಗಂಡಸು ಮಾಡೋ ಅಂಥ ಕೆಲಸ ಏನಿದೆ ಅಂತ ನೀವು ಕೇಳಿದ್ದೀರಿ.

ಓದಿಸಿ ಸರ್. ನಾನು ಹನ್ನೆರಡು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲು ಖಾಸಗಿ ಆಸ್ಪತ್ರೆ, ಈಗ ದಾವಣಗೆರೆ ಕಡೆಯ ಒಂದು ತಾಲೂಕು ಆಸ್ಪತ್ರೆ. ಕಷ್ಟ ಏನಿದೆ ಅಂತಾನೂ ಹೇಳುತ್ತೇನೆ, ಮುಚ್ಚಿಡಲ್ಲ.

ಮೊದಲು ಹೆಸರಿನ ವಿಷಯ. ವಾರ್ಡಿನಲ್ಲಿ ಹೆಣ್ಣು ನರ್ಸ್‌ಗೆ ಸಿಸ್ಟರ್ ಅಂತಾರೆ, ನಮಗೆ ಬ್ರದರ್ ಅಂತಾರೆ. ಹಳ್ಳಿಯಿಂದ ಬಂದವರಿಗೆ ಅದು ಗೊತ್ತಿರಲ್ಲ. ಕೈಯಲ್ಲಿ ಬಿಪಿ ಮಿಷಿನ್ ಇದ್ದರೆ "ಡಾಕ್ಟ್ರೇ" ಅಂತಾರೆ. ಇಂಜೆಕ್ಷನ್ ಹಿಡಿದರೆ "ಕಾಂಪೌಂಡ್ರೇ". ಟ್ರಾಲಿ ತಳ್ಳಿದರೆ ವಾರ್ಡ್ ಬಾಯ್. ನಾನು ನರ್ಸ್ ಅಂದರೆ ಒಂದು ಕ್ಷಣ ಸುಮ್ಮನಾಗ್ತಾರೆ. ಸರ್ಕಾರಿ ಕಾಗದದಲ್ಲಿ ಈಗ ಶುಶ್ರೂಷಾಧಿಕಾರಿ ಅಂತ ಬರೀತಾರೆ, ಆದರೆ ಊರಲ್ಲಿ ಆ ಪದ ಯಾರ ಬಾಯಲ್ಲೂ ಬರಲ್ಲ. ಮೊದಮೊದಲು ನನಗೆ ಇದರಿಂದ ಬೇಜಾರಾಗ್ತಿತ್ತು. ಓದೋವಾಗ ಹೆರಿಗೆ ವಾರ್ಡಿನ ಪೋಸ್ಟಿಂಗ್‌ನಲ್ಲಿ ಹುಡುಗರನ್ನು ಎಷ್ಟೋ ಸಲ ಬಾಗಿಲ ಹೊರಗೇ ನಿಲ್ಲಿಸಿದರು. ಬಾಣಂತಿಗೆ ಮುಜುಗರ ಆಗಬಾರದು, ಅದು ಸರಿಯೇ. ಆದರೆ ಕಲಿಯೋಕೆ ಬಂದ ಹುಡುಗನಿಗೆ ಬೇರೆ ದಾರಿಯಾದರೂ ತೋರಿಸಬೇಕಿತ್ತು. ಅದನ್ನು ಯಾರೂ ಮಾಡಲಿಲ್ಲ.

ನಾನು ಈ ಕೆಲಸಕ್ಕೆ ಬಂದಿದ್ದು ನನ್ನ ಚಿಕ್ಕಪ್ಪನಿಂದ. ನಾನಾಗ ಸೆಕೆಂಡ್ ಪಿಯುಸಿ. ಚಿಕ್ಕಪ್ಪನಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕೆನ್ನೆ, ದವಡೆ ಸ್ವಲ್ಪ ತೆಗೆದಿದ್ದರು. ಮೂಗಿನಿಂದ ಹೊಟ್ಟೆಗೆ ಟ್ಯೂಬ್. ಗಂಜಿ, ಹಾಲು ಎಲ್ಲ ಅದರಲ್ಲೇ. ಅಲ್ಲಿ ಒಬ್ಬರು ಬ್ರದರ್ ಇದ್ದರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ಮೊದಲು ತಲೆ ಎತ್ತಿ ಕೂರಿಸು. ಟ್ಯೂಬ್ ಜಾಗದಲ್ಲೇ ಇದೆಯಾ ನೋಡು. ಸಿರಿಂಜ್ ಎತ್ತಿ ಹಿಡಿ, ಗಂಜಿ ತಾನಾಗೇ ಇಳಿಯಲಿ, ಒತ್ತಬೇಡ. ಕೊನೆಗೆ ಸ್ವಲ್ಪ ನೀರು ಬಿಡು, ಇಲ್ಲಾಂದ್ರೆ ಟ್ಯೂಬ್ ಕಟ್ಟಿಕೊಳ್ಳುತ್ತೆ. ಎಲ್ಲ ಆದಮೇಲೆ ಒದ್ದೆ ಬಟ್ಟೆಯಿಂದ ಚಿಕ್ಕಪ್ಪನ ಗದ್ದ ಒರೆಸಿದರು. ನಮ್ಮ ಮನೆಯಲ್ಲಿ ಒಬ್ಬ ಗಂಡಸು ಇನ್ನೊಬ್ಬ ಗಂಡಸಿನ ಮುಖ ಒರೆಸಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಊರಿಗೆ ಬಂದಮೇಲೆ ಐದು ತಿಂಗಳು ಆ ಕೆಲಸ ನಾನೇ ಮಾಡಿದೆ. ಆಮೇಲೆ ಅವರು ಹೋದರು.

ಚಿಕ್ಕಪ್ಪ ಎಲೆ ಅಡಿಕೆ, ಹೊಗೆಸೊಪ್ಪು ಹಾಕೋಕೆ ಶುರು ಮಾಡಿದ್ದು ಹನ್ನೊಂದನೇ ವಯಸ್ಸಿಗೆ. ಅಡಿಕೆ ಸುಲಿಯೋ ಕಾಲದಲ್ಲಿ ರಾತ್ರಿ ನಿದ್ದೆ ಬರಬಾರದು ಅಂತ ದೊಡ್ಡವರೇ ಕೊಟ್ಟಿದ್ದರಂತೆ. ಈ ಮಾತು ಯಾಕೆ ಎತ್ತಿದೆ ಅನ್ನೋದು ಮುಂದೆ ಗೊತ್ತಾಗುತ್ತೆ.

ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತೆ, ಆದರೆ ದಾರಿ ಸ್ವಲ್ಪ ಇಕ್ಕಟ್ಟು. ಏಮ್ಸ್‌ನಂಥ ಕೇಂದ್ರ ಸಂಸ್ಥೆಗಳಲ್ಲಿ ನರ್ಸಿಂಗ್ ಹುದ್ದೆಯಲ್ಲಿ ಶೇ 80 ಹೆಂಗಸರಿಗೆ, ಶೇ 20 ಗಂಡಸರಿಗೆ ಅಂತ 2019ರಲ್ಲಿ ತೀರ್ಮಾನ ಮಾಡಿದರು. ಎಷ್ಟೋ ಹುಡುಗರಿಗೆ ಒಳ್ಳೆ ಅಂಕ ಬಂದರೂ ಇದರಿಂದ ಪೆಟ್ಟು ಬಿದ್ದಿದೆ. ನನಗೆ ಅದು ಸರಿ ಅನ್ನಿಸಲ್ಲ. ಖಾಸಗಿಯಲ್ಲಿ ಶುರುವಿನ ಸಂಬಳ ಕಡಿಮೆ, ರಾತ್ರಿ ಪಾಳಿ ಜಾಸ್ತಿ. ಇದು ಗಂಡಿಗೂ ಹೆಣ್ಣಿಗೂ ಒಂದೇ. ಆದರೆ ಐಸಿಯು, ಡಯಾಲಿಸಿಸ್, ಎಮರ್ಜೆನ್ಸಿ, ಮಾನಸಿಕ ಆರೋಗ್ಯದ ವಾರ್ಡು, ಮೂಳೆ ವಿಭಾಗ, ಇಲ್ಲೆಲ್ಲ ಗಂಡು ನರ್ಸ್‌ಗಳನ್ನು ಕೇಳಿ ತಗೊಳ್ತಾರೆ. ನನ್ನ ಜೊತೆ ಓದಿದವರಲ್ಲಿ ಕೆಲವರು ಗಲ್ಫ್‌ಗೆ ಹೋದರು, ಇಬ್ಬರು ಜರ್ಮನ್ ಭಾಷೆ ಕಲಿತು ಆ ದೇಶಕ್ಕೇ ಹೋದರು. ನಾನು ಇಲ್ಲೇ ಉಳಿದೆ.

ಇನ್ನು ಮದುವೆ. ನನ್ನನ್ನು ಎರಡು ಮನೆಯವರು ಬೇಡ ಅಂದರು, ಕಾರಣ ಇದೇ. ಮೂರನೇ ಮನೆಯ ಹುಡುಗಿ ಟೀಚರ್. "ತಿಂಗಳಿಗೆ ಎಷ್ಟು ನೈಟ್ ಇರುತ್ತೆ?" ಅಂತ ಒಂದೇ ಪ್ರಶ್ನೆ ಕೇಳಿದಳು. ಈಗ ನಮಗೆ ಇಬ್ಬರು ಮಕ್ಕಳು.

ಗಂಡಸು ಮಾಡೋ ಅಂಥದ್ದೇನು ಅಂದಿರಲ್ಲ, ಕೇಳಿ. ಒಂದು ರಾತ್ರಿ ಗಂಡಸರ ವಾರ್ಡಿಗೆ ಎಪ್ಪತ್ತು ದಾಟಿದ ಒಬ್ಬ ಅಜ್ಜ ಬಂದರು. ಬೆಳಗ್ಗೆಯಿಂದ ಮೂತ್ರ ಕಟ್ಟಿಕೊಂಡಿತ್ತು. ಹೊಟ್ಟೆ ಕಲ್ಲಿನ ಹಾಗೆ. ನೋವಿಗೆ ಹಲ್ಲು ಕಚ್ಚಿಕೊಂಡಿದ್ದರು, ಆದರೂ ಪಂಚೆ ಬಿಡ್ತಿರಲಿಲ್ಲ. ಡ್ಯೂಟಿಯಲ್ಲಿದ್ದ ಸಿಸ್ಟರ್ ನನಗಿಂತ ಹತ್ತು ವರ್ಷ ಸೀನಿಯರ್, ಕೈ ತುಂಬ ನಾಜೂಕು. ಆದರೆ ಅಜ್ಜ ಅವರನ್ನು ನೋಡಿ ಗೋಡೆ ಕಡೆ ತಿರುಗಿಬಿಟ್ಟರು. ನಾನು ಹೋಗಿ ಪರದೆ ಎಳೆದು "ಅಜ್ಜಾ, ನಾವಿಬ್ಬರೇ ಇರೋದು" ಅಂದೆ. ಆಗ ಕೈ ಸಡಿಲ ಮಾಡಿದರು. ಮೂತ್ರ ಹೊರಗೆ ಹೋಗೋಕೆ ಸಣ್ಣ ಟ್ಯೂಬ್, ಅಂದರೆ ಕ್ಯಾತಿಟರ್ ಹಾಕಿದೆ. ಅರ್ಧ ಗಂಟೆಯಲ್ಲಿ ನಿದ್ದೆ ಹೋದರು. ಹೆಂಗಸರಿಗೆ ಹೆಣ್ಣು ನರ್ಸ್ ಬೇಕು ಅಂತ ನಮಗೆಲ್ಲ ಗೊತ್ತು. ಗಂಡಸಿಗೂ ನಾಚಿಕೆ ಇರುತ್ತೆ ಅನ್ನೋದನ್ನು ಮಾತ್ರ ಮರೆತುಬಿಡ್ತೀವಿ.

ಈಗ ಹೈಸ್ಕೂಲ್ ಹುಡುಗರ ವಿಷಯಕ್ಕೆ ಬರ್ತೀನಿ. ನನ್ನ ಕೆಲಸದಲ್ಲಿ ನನಗೆ ತುಂಬ ಮನಸ್ಸಿರೋದು ಇದರ ಮೇಲೇ.

ನಮ್ಮ ಆಸ್ಪತ್ರೆಯಿಂದ ಶಾಲೆಗಳಿಗೆ ತಂಬಾಕಿನ ಬಗ್ಗೆ ಹೇಳೋಕೆ ಹೋಗ್ತೀವಿ. ಮೊದಲ ವರ್ಷ ಮೇ 31ಕ್ಕೆ, ವಿಶ್ವ ತಂಬಾಕು ರಹಿತ ದಿನ ಅಂತ, ಹುಣ್ಣಾದ ಬಾಯಿಯ ಚಿತ್ರ ಹಿಡಿದುಕೊಂಡು ಹೋದೆ. ಹಿಂದಿನ ಬೆಂಚಿನವರು ನಕ್ಕರು. ಯಾಕೆ ನಗಲ್ಲ? ಅದೇ ಚಿತ್ರ, ಎಚ್ಚರಿಕೆ ಮಾತು ಎರಡೂ ಸೇರಿ ಪ್ಯಾಕೆಟ್ ಮೇಲೆ ಶೇ 85 ಜಾಗದಲ್ಲಿ ಇರುತ್ತೆ. 2016ರಿಂದ ಅಷ್ಟು ದೊಡ್ಡದಾಗಿ ಹಾಕ್ತಾರೆ. ಅಪ್ಪ ಹರಿದು ಬಿಸಾಡಿದ ಪ್ಯಾಕೆಟ್ಟಿನಲ್ಲಿ ಆ ಚಿತ್ರವನ್ನು ದಿನಾ ನೋಡಿದ ಹುಡುಗನಿಗೆ ನಾನು ಹೊಸದಾಗಿ ಏನು ತೋರಿಸಿದ ಹಾಗಾಯ್ತು? ಹದಿನಾಲ್ಕು ವರ್ಷದವನಿಗೆ ಐವತ್ತನೇ ವಯಸ್ಸು ಅನ್ನೋದು ಬೇರೆ ಯಾರದ್ದೋ ವಯಸ್ಸು.

ಅವತ್ತೇ ಒಬ್ಬ ಹುಡುಗ ಎದ್ದು ನಿಂತ. "ಸರ್, ನೀವು ನರ್ಸಾ? ನರ್ಸ್ ಅಂದ್ರೆ ಹೆಂಗಸ್ರಲ್ವಾ?" ಇಡೀ ಕ್ಲಾಸ್ ಗೊಳ್ ಅಂತು. ಹೆಡ್ ಮಾಸ್ಟರ್ ಬೈಯೋಕೆ ಹೋದರು, ನಾನು ಬೇಡ ಅಂದೆ. ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ಅವನ ಊರಲ್ಲಿ ಗಂಡಸು ಅಂದರೆ ಬಾಯಿ ಕೆಂಪಗಿರಬೇಕು, ಬೀಡಿ ಹಚ್ಚಿರಬೇಕು. ನಾನು ಎರಡೂ ಇಲ್ಲದೆ, ಮೇಲಾಗಿ ನರ್ಸ್ ಬೇರೆ.

ಮುಂದಿನ ಸಲದಿಂದ ನಾನು ಚಿತ್ರ ಒಯ್ಯೋದು ಬಿಟ್ಟೆ. ಎರಡು ಬೆಂಚ್ ಜೋಡಿಸ್ತೀನಿ. ಕ್ಲಾಸಿನಲ್ಲಿ ಎಲ್ಲರಿಗಿಂತ ದಪ್ಪ ಇರೋ ಹುಡುಗನನ್ನು ಮಲಗಿಸ್ತೀನಿ. ಪ್ರಜ್ಞೆ ಇಲ್ಲದ ರೋಗಿಯ ಹಾಗೆ ಮೈ ಬಿಟ್ಟು ಮಲಗು ಅಂತೀನಿ. ಕಬಡ್ಡಿ ಆಡೋನನ್ನು ಕರೆದು, ಇವನನ್ನು ಒಬ್ಬನೇ ಮಗ್ಗುಲಿಗೆ ತಿರುಗಿಸು, ಕುತ್ತಿಗೆ ಅಲ್ಲಾಡಬಾರದು ಅಂತೀನಿ. ಎಳೀತಾನೆ, ತಳ್ತಾನೆ, ಬೆವರ್ತಾನೆ, ಆಗಲ್ಲ. ಆಮೇಲೆ ನಾನು ತೋರಿಸ್ತೀನಿ. ಆಚೆ ಕಡೆಯ ಮೊಣಕಾಲು ಮಡಚಬೇಕು. ಆ ಕೈಯನ್ನು ಎದೆ ಮೇಲೆ ತರಬೇಕು. ಒಂದು ಕೈ ಭುಜದ ಹಿಂದೆ, ಒಂದು ಕೈ ಸೊಂಟದ ಹಿಂದೆ. ಕಾಲು ಅಗಲಿಸಿ ನಿಂತು, ನಮ್ಮ ಭಾರವನ್ನು ಹಿಂದಕ್ಕೆ ಹಾಕಿದರೆ ಸಾಕು, ಆಳು ತಾನಾಗೇ ಉರುಳ್ತಾನೆ. ಹಿಂದಿನ ಬೆಂಚಿನವರು ಎದ್ದು ಮುಂದೆ ಬರ್ತಾರೆ. "ಸರ್, ನಾನೊಂದ್ ಸಲ" ಅಂತಾರೆ. ಆ ಹತ್ತು ನಿಮಿಷದಲ್ಲಿ ನರ್ಸ್ ಅಂದರೆ ಏನು ಅಂತ ಅವರಿಗೆ ನಾನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ತಂಬಾಕಿನ ಮಾತು ಶುರುವಾಗೋದು ಆಮೇಲೆ.

ಮೊದಲು ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ವಯಸ್ಸಿನ ಹುಡುಗ ಹುಡುಗಿಯರಲ್ಲಿ ನೂರಕ್ಕೆ ಎಷ್ಟು ಜನ ತಂಬಾಕು ಹಾಕ್ತಾರೆ? ಐವತ್ತು ಅಂತಾರೆ, ಅರವತ್ತು ಅಂತಾರೆ. 2019ರಲ್ಲಿ ದೇಶದ ಶಾಲೆಗಳಲ್ಲಿ 13ರಿಂದ 15 ವರ್ಷದ ಮಕ್ಕಳನ್ನು ಕೇಳಿ ಮಾಡಿದ ಸಮೀಕ್ಷೆಯಲ್ಲಿ ಬಂದಿದ್ದು ಶೇ 8.5. ಅದಕ್ಕೂ ಹತ್ತು ವರ್ಷದ ಹಿಂದೆ, 2009ರಲ್ಲಿ, ಅದು ಶೇ 14.6 ಇತ್ತು. ಬೋರ್ಡ್ ಮೇಲೆ ಇಷ್ಟು ಬರೆದಾಗ ಕ್ಲಾಸಿನಲ್ಲಿ ಗುಸುಗುಸು ಶುರುವಾಗುತ್ತೆ. ಎಲ್ಲರೂ ಹಾಕ್ತಾರೆ, ನಾನೊಬ್ಬನೇ ಹಾಕದೇ ಇದ್ದರೆ ಹೇಗೆ ಅಂತ ಅಂದುಕೊಂಡಿದ್ದವರು ಇವರು. ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಜನ ಹಾಕಲ್ಲ ಅಂತ ಯಾರೂ ಅವರಿಗೆ ಹೇಳಿರಲ್ಲ. ನಾವು ದೊಡ್ಡವರೂ "ಈಗಿನ ಹುಡುಗರೆಲ್ಲ ಕೆಟ್ಟುಹೋದ್ರು" ಅಂತ ಅಂದು ಅಂದು ಅದನ್ನೇ ನಂಬಿಸಿಬಿಟ್ಟಿರ್ತೀವಿ.

ಅದೇ ಸಮೀಕ್ಷೆಯ ಇನ್ನೊಂದು ಮಾತು ನನ್ನ ನಿದ್ದೆ ಕೆಡಿಸಿತ್ತು. ಜಗಿಯೋ ತಂಬಾಕು ಹಾಕಿದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 10 ವರ್ಷ ತುಂಬೋ ಮೊದಲೇ ರುಚಿ ನೋಡಿದ್ದರು. ಅಂದರೆ ನಾವು ಒಂಬತ್ತನೇ ಕ್ಲಾಸಿಗೆ ಹೋಗಿ ಮಾತಾಡೋದು ತಡವಾಯ್ತು. ಈಗ ನಾನು ಐದನೇ ಕ್ಲಾಸಿನಿಂದಲೇ ಶುರು ಮಾಡ್ತೀನಿ.

ಆಮೇಲೆ ಮೂರು ಬೆರಳಿನ ಆಟ. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಜೋಡಿಸಿ, ಒಂದರ ಮೇಲೊಂದು ಬರೋ ಹಾಗೆ ಉದ್ದಕ್ಕೆ ನಿಲ್ಲಿಸಿ ಬಾಯೊಳಗೆ ಇಡಬೇಕು. ಚೆನ್ನಾಗಿರೋ ಬಾಯಿಗೆ ಮೂರೂ ಹೋಗುತ್ತೆ. ಎಲ್ಲರೂ ಮಾಡ್ತಾರೆ, ನಗ್ತಾರೆ. ನಾನು ಮಾತ್ರ ಸುಮ್ನೆ ಕಣ್ಣಾಡಿಸ್ತಾ ಇರ್ತೀನಿ. ಹೋದ ವರ್ಷ ಒಂದು ಸ್ಕೂಲಿನಲ್ಲಿ ಕಿಟಕಿ ಪಕ್ಕದ ಹುಡುಗನೊಬ್ಬ ಎರಡು ಬೆರಳು ಇಟ್ಟು, ಮೂರನೆಯದನ್ನು ಮಡಚಿ ಮುಚ್ಚಿಕೊಂಡ. ಒಂಬತ್ತನೇ ಕ್ಲಾಸು. ಅಲ್ಲಿ ಏನೂ ಅನ್ನಲಿಲ್ಲ. ಕೊನೆಯಲ್ಲಿ ಎಲ್ಲರಿಗೂ ಕೇಳೋ ಹಾಗೆ ಒಂದು ಮಾತು ಹೇಳಿದೆ. "ಮಂಡಕ್ಕಿ ಮೆಣಸಿನಕಾಯಿ ತಿನ್ನೋವಾಗ ಯಾರಿಗಾದ್ರೂ ಬಾಯಿ ಉರಿದು ಕಣ್ಣಲ್ಲಿ ನೀರು ಬಂದ್ರೆ, ಖಾರ ಜಾಸ್ತಿ ಅಂತ ಸುಮ್ಮನಾಗಬೇಡಿ. ನನ್ನ ಹತ್ರ ಬನ್ನಿ." ದಾವಣಗೆರೆ ಕಡೆ ಮಂಡಕ್ಕಿ, ಮೆಣಸಿನಕಾಯಿ ಬಿಟ್ಟ ಹುಡುಗ ಸಿಗೋದು ಕಷ್ಟ. ಅವನು ಬಿಟ್ಟಿದ್ದ.

ನಾನು ಬೈಕ್ ತೆಗೆಯೋವಾಗ ನಲ್ಲಿ ಹತ್ತಿರ ನಿಂತಿದ್ದ. ಕೈ ತೊಳೀತಾನೇ ಇದ್ದ. ನಾನೂ ಹೋಗಿ ಪಕ್ಕದ ನಲ್ಲಿ ಬಿಟ್ಟುಕೊಂಡೆ.

"ಸರ್, ಎರಡೇ ಹೋಗೋದು."

"ಎಷ್ಟು ದಿನದಿಂದ?"

"ಗೊತ್ತಿಲ್ಲ. ಇವತ್ತೇ ನೋಡಿದ್ದು."

ಆರನೇ ಕ್ಲಾಸಿನಿಂದ ಗುಟ್ಕಾ ಹಾಕ್ತಿದ್ದನಂತೆ. ಅಪ್ಪನಿಗೆ ತರೋಕೆ ಅಂಗಡಿಗೆ ಹೋಗ್ತಿದ್ದ. ಮಿಕ್ಕಿದ ಚಿಲ್ಲರೆಗೆ ತನಗೊಂದು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧ ಆಯ್ತು ಸರ್. ಆಮೇಲೆ ಏನಾಯ್ತು ಗೊತ್ತಾ? ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್. ಅಂಗಡಿಯವನು ಎರಡೂ ಒಟ್ಟಿಗೇ ಕೊಡ್ತಾನೆ. ಹುಡುಗ ಒಂದನ್ನು ಹರಿದು ಇನ್ನೊಂದರೊಳಗೆ ಸುರಿದು ಎರಡು ಸಲ ಕುಲುಕ್ತಾನೆ. ಮತ್ತೆ ಅದೇ ಗುಟ್ಕಾ. ದಿನಕ್ಕೆ 20 ರೂಪಾಯಿ ಅಂದರೂ ವರ್ಷಕ್ಕೆ 7,300. ಈ ಲೆಕ್ಕ ಅವನೇ ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದ. ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ಕೂತಿದ್ದ.

ನಾನು ಬೈಯಲಿಲ್ಲ. "ಮನೇಲಿ ಹೇಳ್ತೀರಾ?" ಅಂದ. "ನಿನ್ನನ್ನು ಕೇಳದೆ ಹೇಳಲ್ಲ, ಆದರೆ ಡಾಕ್ಟರಿಗೆ ತೋರಿಸೋಕೆ ಯಾರಾದ್ರೂ ದೊಡ್ಡವರು ಬೇಕು" ಅಂದೆ. ಸೋದರಮಾವನ ಹೆಸರು ಹೇಳಿದ. ನಮ್ಮ ಆಸ್ಪತ್ರೆಯ ಹಲ್ಲಿನ ಡಾಕ್ಟರ್ ನೋಡಿದರು. ಕೆನ್ನೆಯ ಒಳಗಿನ ಮೆತ್ತಗಿನ ಪದರ ಬಿಳಿಚಿಕೊಂಡು ನಾರಿನ ಹಾಗೆ ಬಿಗಿಯಾಗ್ತಿತ್ತು. ಇದಕ್ಕೆ ಮುಖ್ಯ ಕಾರಣ ಅಡಿಕೆ. ಮುಂದೆ ಕೆಲವರಲ್ಲಿ ಇದೇ ಕ್ಯಾನ್ಸರ್‌ಗೆ ತಿರುಗುತ್ತೆ. ತಂಬಾಕು ಸೇರಿದರಂತೂ ಕೇಳೋದೇ ಬೇಡ. ಅಡಿಕೆ ಒಂದೇ ಇದ್ದರೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯೋ ಸೀಮೆಯಲ್ಲಿ ಕೂತು ಇದನ್ನು ಹೇಳೋದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಿರಬಹುದು. ನಮ್ಮ ಮನೆಗೂ ಒಂದೂವರೆ ಎಕರೆ ತೋಟ ಇದೆ, ನನ್ನ ಫೀಸು ಅದರಿಂದಲೇ ಕಟ್ಟಿದ್ದು. ಹಾಗಂತ ಮಕ್ಕಳ ಬಾಯಿಯ ವಿಷಯದಲ್ಲಿ ಸುಳ್ಳು ಹೇಳೋಕಾಗಲ್ಲ.

ಬಿಗಿದ ಬಾಯಿ ಪೂರ್ತಿ ಮೊದಲಿನ ಹಾಗೆ ಆಗಲ್ಲ ಅಂತ ಡಾಕ್ಟರ್ ನೇರವಾಗಿ ಹೇಳಿದರು. ಇವತ್ತೇ ನಿಲ್ಲಿಸಿದರೆ ಮುಂದೆ ಬಿಗಿಯೋದು ನಿಲ್ಲಬಹುದು, ವ್ಯಾಯಾಮದಿಂದ ಸ್ವಲ್ಪ ಸಡಿಲ ಆಗಬಹುದು ಅಂದರು. ತಂಬಾಕು ಬಿಡೋಕೆ ಸಹಾಯ ಮಾಡೋ ಸರ್ಕಾರದ ನಂಬರ್ 1800-11-2356. ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಿಮ್ಹಾನ್ಸ್‌ನಲ್ಲೂ ಇದರ ಒಂದು ಕೇಂದ್ರ ಇದೆ. ನನ್ನ ಮೊಬೈಲ್‌ನಿಂದಲೇ ಮಾಡಿಸಿದೆ. ಮೊದಲ ಮೂರು ದಿನ ತುಂಬ ಕಷ್ಟ. ತಲೆನೋವು, ಸಿಟ್ಟು, ಓದೋಕೆ ಕೂತರೆ ಮನಸ್ಸು ನಿಲ್ಲಲ್ಲ. ಬೇಕು ಅನ್ನಿಸೋ ಆ ಒತ್ತಡ ಬಂದರೆ ಐದು ಹತ್ತು ನಿಮಿಷ ಇರುತ್ತೆ, ಅಷ್ಟು ಹೊತ್ತು ತಳ್ಳು, ಜೇಬಲ್ಲಿ ಸೋಂಪು ಇಟ್ಟುಕೋ ಅಂದೆ. ಎರಡು ಸಲ ತಪ್ಪಿದ. ಎರಡು ಸಲವೂ ತಾನೇ ಬಂದು ಹೇಳಿದ. ನನಗೆ ಅದೇ ದೊಡ್ಡ ವಿಷಯ.

ಯಾಕೆ ನನ್ನ ಹತ್ತಿರ ಬಂದೆ ಅಂತ ಒಂದು ದಿನ ಕೇಳಿದೆ. "ಮೇಡಂ ಹತ್ರ ಹೇಳೋಕೆ ನಾಚಿಕೆ. ಮೇಷ್ಟ್ರು ಹೊಡೀತಾರೆ. ನೀವು ಅವನನ್ನ ತಿರುಗಿಸಿದ್ರಲ್ಲ, ಬೆಂಚ್ ಮೇಲೆ, ಅದು ನೋಡಿ ಬಂದೆ" ಅಂದ. ಊರೂರಿಗೆ ಹೋಗಿ ದಿನಾ ಕೆಲಸ ಮಾಡೋರು ಆಶಾ ಕಾರ್ಯಕರ್ತೆಯರು, ಹಳ್ಳಿ ಆರೋಗ್ಯ ಕೇಂದ್ರದ ಎಎನ್‌ಎಂ ನರ್ಸ್ ಅಕ್ಕಂದಿರು. ಅವರಿಲ್ಲದಿದ್ದರೆ ನಮ್ಮ ಕೈಯಲ್ಲಿ ಏನೂ ಆಗಲ್ಲ. ಆದರೆ ಮೀಸೆ ಚಿಗುರೋ ವಯಸ್ಸಿನ ಹುಡುಗರಿಗೆ ಕೆಲವು ಮಾತು ಹೇಳಿಕೊಳ್ಳೋಕೆ ಒಬ್ಬ ಅಣ್ಣ ಬೇಕಾಗ್ತಾನೆ. ಆ ಅಣ್ಣನೇ ನರ್ಸ್ ಆಗಿದ್ದರೆ ಬಾಯಿ ತೆರೆಸಿ ನೋಡೋಕೂ ಗೊತ್ತಿರುತ್ತೆ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರೋ ಉತ್ತರ ಇದು ಸರ್.

ಕಾನೂನು ಇಲ್ವಾ ಅಂತ ಕೇಳಬಹುದು. ಇದೆ. 2003ರ ಕೇಂದ್ರದ ಕಾಯ್ದೆಯಲ್ಲಿ 18ಕ್ಕಿಂತ ಚಿಕ್ಕವರಿಗೆ ಮಾರಬಾರದು, ಶಾಲೆಯಿಂದ 100 ಗಜದೊಳಗೆ ಮಾರಬಾರದು ಅಂತಿದೆ. ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು 2025ರಲ್ಲಿ ವಯಸ್ಸನ್ನು 21ಕ್ಕೆ ಏರಿಸಿತು. ಆ ಸ್ಕೂಲಿನ ಎದುರಿನ ಗೂಡಂಗಡಿಯವರ ಹತ್ತಿರ ನಾನೇ ಹೋಗಿ ಕೂತು ಮಾತಾಡಿದೆ. ಅವರ ಮೊಮ್ಮಗಳೂ ಅದೇ ಸ್ಕೂಲು. ಸರ ಸರವಾಗಿ ನೇತು ಹಾಕಿದ್ದ ಪ್ಯಾಕೆಟ್‌ಗಳನ್ನು ತೆಗೆದರು. ಎಲ್ಲ ಅಂಗಡಿಯವರೂ ಹೀಗೆ ಕೇಳಲ್ಲ. ಕೇಳದಿದ್ದರೆ ಶಾಲೆಯವರು, ಪಂಚಾಯಿತಿಯವರು ಸೇರಿ ದೂರು ಕೊಡಬೇಕು. ಇದನ್ನು ಓದ್ತಿರೋ ಅಪ್ಪಂದಿರಿಗೆ ಒಂದು ಮಾತು: ಮಕ್ಕಳ ಕೈಯಲ್ಲಿ ದುಡ್ಡು ಕೊಟ್ಟು ಬೀಡಿ, ತಂಬಾಕು ತರಿಸಬೇಡಿ. ನಾನು ನೋಡಿದ ಹುಡುಗರಲ್ಲಿ ಜಾಸ್ತಿ ಜನಕ್ಕೆ ದಾರಿ ಶುರುವಾಗಿದ್ದು ಅಲ್ಲಿಂದ.

ನಿಮ್ಮ ಮಗನ ವಿಷಯ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು. ಸೀಟಿಗೆ ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿ ಬರೀಬೇಕು. ನಮ್ಮ ರಾಜ್ಯದಲ್ಲಿ ಕಾಲೇಜುಗಳು ತುಂಬ ಇವೆ, ಆದರೆ ಎಲ್ಲವೂ ಒಂದೇ ಥರ ಇಲ್ಲ. ಕಾಲೇಜು ನೋಡೋಕೆ ಹೋದಾಗ ಕಟ್ಟಡ ನೋಡಬೇಡಿ. ಮಕ್ಕಳನ್ನು ಯಾವ ಆಸ್ಪತ್ರೆಗೆ ಕಳಿಸ್ತೀರಿ, ಅಲ್ಲಿ ಎಷ್ಟು ಬೆಡ್ ಇದೆ, ರೋಗಿಗಳು ನಿಜವಾಗಿ ಬರ್ತಾರಾ ಅಂತ ಕೇಳಿ. ಎರಡನೇ ವರ್ಷದ ಹುಡುಗರನ್ನು ಹೊರಗೆ ಟೀ ಅಂಗಡಿಯಲ್ಲಿ ಹಿಡಿದು ಕೇಳಿ, ಅವರು ನಿಜ ಹೇಳ್ತಾರೆ. ದುಡ್ಡು ಕಟ್ಟೋ ಮೊದಲು ರಾಜ್ಯದ ನರ್ಸಿಂಗ್ ಕೌನ್ಸಿಲ್ ಮಾನ್ಯತೆ, ರಾಜೀವ್ ಗಾಂಧಿ ಆರೋಗ್ಯ ವಿವಿ ಸಂಯೋಜನೆ ಎರಡನ್ನೂ ನೋಡಿಕೊಳ್ಳಿ. ಏಜೆಂಟ್ ಮಾತು ಕೇಳಬೇಡಿ.

ನಿಮ್ಮ ಅಣ್ಣನ ಜೊತೆ ಜಗಳ ಆಡಬೇಡಿ. ಅವರು ನೋಡಿದ ನರ್ಸ್‌ಗಳೆಲ್ಲ ಹೆಂಗಸರೇ ಇದ್ದಿರಬೇಕು, ಅದಕ್ಕೇ ಹಾಗಂದಿದ್ದಾರೆ. ನಿಮ್ಮೂರು ನಮ್ಮ ಕಡೆಗೆ ಹತ್ತಿರ ಇದ್ದರೆ ಮಗನನ್ನು ಕಳಿಸಿ, ನನಗೆ ಇಲ್ಲೇ ಮೆಸೇಜ್ ಮಾಡಿ. ಅಣ್ಣನವರೂ ಬಂದರೆ ಇನ್ನೂ ಒಳ್ಳೇದು. ಗುರುವಾರ ಬರಲಿ. ಅವತ್ತು ಆ ಹುಡುಗನೂ ಬರ್ತಾನೆ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಹಿಡಿದು ಬಾಯಿ ಅಗಲಿಸೋ ವ್ಯಾಯಾಮ ಅವನದ್ದು. ಶುರುವಿನಲ್ಲಿ ಹದಿಮೂರು ಕಡ್ಡಿ ಹಿಡೀತಿತ್ತು. ಹೋದ ಗುರುವಾರ ಹದಿನಾರು ಹಿಡಿಯಿತು.